ಪಕ್ಕದ ಸೀಟಿನ ಬ್ರೇಕು

ಡ್ರೈವಿಂಗ್ ಸ್ಕೂಲಿನ ಕಾರಿಗೆ ಎರಡು ಬ್ರೇಕು. ಒಂದು ಕಲಿಯುವವರ ಕಾಲಡಿ, ಇನ್ನೊಂದು ಪಕ್ಕದಲ್ಲಿ ಕೂತು ಕಲಿಸುವವರ ಕಾಲಡಿ. ಮೊದಲನೆಯದು ಹೆಸರಿಗೆ, ಎರಡನೆಯದು ಪ್ರಾಣಕ್ಕೆ. ಆ ಎರಡನೆಯ ಬ್ರೇಕಿನ ಮೇಲೆ ವರ್ಷಗಟ್ಟಲೆ ಕಾಲಿಟ್ಟುಕೊಂಡು ಕೂತು ಸಂಸಾರ ನಡೆಸಿದವಳಿಗೆ ಶಿಷ್ಯರೇ ಇಟ್ಟ ಹೆಸರು ಬ್ರೇಕ್ ಮೇಡಂ. ಬಿರುದಿನಲ್ಲಿ ಸ್ವಲ್ಪ ವ್ಯಂಗ್ಯ ಇತ್ತು. ಅವಳು ಅದನ್ನು ಪ್ರಶಸ್ತಿ ಎಂದೇ ತಿಳಿದಿದ್ದಳು.

ಶಿಷ್ಯನ ಕಿವಿ ಕೆಂಪಾದರೆ ಸಾಕು, ಇವನು ಇನ್ನು ಬ್ರೇಕ್ ಎಂದುಕೊಂಡು ಆಕ್ಸಿಲರೇಟರ್ ತುಳಿಯುತ್ತಾನೆ ಎಂದು ಅವಳಿಗೆ ತಿಳಿಯುತ್ತಿತ್ತು. ಎದುರಿಗೆ ಹಸು, ಸೈಕಲ್ಲು, ಸೊಪ್ಪಿನ ಗಾಡಿ ಯಾವುದೇ ಬರಲಿ, ಶಿಷ್ಯ ಇನ್ನೂ ‘ಅಯ್ಯೋ’ ಎನ್ನುವಷ್ಟರಲ್ಲಿ ಕಾರು ನಿಂತಿರುತ್ತಿತ್ತು. ಎಂಜಿನ್ನೂ ನಿಂತಿರುತ್ತಿತ್ತು. “ನೋಡಿ, ಆಫ್ ಮಾಡಿಬಿಟ್ರಿ. ಕ್ಲಚ್ ಯಾರು ಒತ್ತಬೇಕಿತ್ತು?” ಎಂದು ಅವಳು ಕೇಳುವಳು. ಶಿಷ್ಯ ತಪ್ಪೊಪ್ಪಿಕೊಂಡು ಮತ್ತೆ ಕೀಲಿ ತಿರುಗಿಸುವನು. ಹೀಗೆ ಊರಿಗೂರೇ ಅವಳ ಹತ್ತಿರ ಕಾರು ಕಲಿತಿತ್ತು.

ಇಂಥವಳಿಗೆ ನಾಲ್ಕು ವರ್ಷದ ಕೆಳಗೆ ಮೊದಲ ಮಗು ಆದದ್ದು ಸಿಜೇರಿಯನ್ನಿನಲ್ಲಿ. ಮಗು ಹೊಟ್ಟೆಯೊಳಗೆ ತಲೆ ಕೆಳಗೆ ಮಾಡಿ ಮಲಗುವುದರ ಬದಲು, ಮಹಾರಾಣಿಯ ಹಾಗೆ ನೆಟ್ಟಗೆ ಕೂತುಬಿಟ್ಟಿತ್ತು. ಕೂತ ಮಗು ಏಳಲಿಲ್ಲ, ತಿರುಗಲಿಲ್ಲ. ಡಾಕ್ಟರು ದಿನ ಗೊತ್ತುಮಾಡಿ, ಹೊಟ್ಟೆ ಕೊಯ್ದು ತೆಗೆದರು. ಇದಕ್ಕೆ ಅವಳ ಅತ್ತೆಯ ಬಳಿ ಒಂದು ಸಿದ್ಧಾಂತವಿತ್ತು. “ಬೆಳಗಿಂದ ಸಂಜೆ ತನಕ ತಾಯಿ ಕಾರಲ್ಲಿ ಕೂತೇ ಇದ್ರೆ ಒಳಗಿರೋದು ಇನ್ನೇನು ಮಾಡುತ್ತೆ? ಅದೂ ಕೂತ್ಕೊಳ್ತು. ಸದ್ಯ, ಸೀಟ್ ಬೆಲ್ಟ್ ಹಾಕ್ಕೊಂಡು ಹುಟ್ಟಲಿಲ್ಲ.” ಬಂದವರಿಗೆಲ್ಲ ಕಾಫಿಯ ಜೊತೆ ಈ ಸಿದ್ಧಾಂತವನ್ನೂ ಕೊಡುತ್ತಿದ್ದರು. ಕಾಫಿಯಾದರೂ ಒಂದೊಂದು ದಿನ ತಣ್ಣಗಿರುತ್ತಿತ್ತು.

ಆಪರೇಶನ್ ಏನೂ ಕೆಟ್ಟದಾಗಿ ಆಗಿರಲಿಲ್ಲ. ಕೆಟ್ಟದ್ದೆಲ್ಲ ಆಮೇಲೆ ಬಂತು. ತೊಟ್ಟಿಲಲ್ಲಿ ಮಗು ಕಿರುಚುತ್ತಿದ್ದರೆ ಎತ್ತಿಕೊಡೋಕೆ ಇನ್ನೊಬ್ಬರನ್ನು ಕೂಗಬೇಕು. ಕೆಮ್ಮಿದರೆ ದಿಂಬು ಒತ್ತಿ ಹಿಡಿಯಬೇಕು. ಕೆಲಸಕ್ಕೆ ಮರಳಿದ ಮೇಲೆ ಇನ್ನೊಂದು ಕಂಟಕ: ಸೀಟ್ ಬೆಲ್ಟಿನ ಕೆಳಪಟ್ಟಿ ಬಂದು ಕೂರುವುದು ಸರಿಯಾಗಿ ಹೊಲಿಗೆಯ ಮೇಲೆ. ಶಿಷ್ಯರು ಜಗ್ ಎಂದು ನಿಲ್ಲಿಸಿದಾಗಲೆಲ್ಲ ಗಾಯ ‘ನಾನಿನ್ನೂ ಇದ್ದೀನಿ’ ಎನ್ನುತ್ತಿತ್ತು. ಬೆಲ್ಟ್ ಹಾಕದೆ ಕೂತರೆ ಪಾಠ ಹೇಳುವ ಬಾಯಿಗೆ ಬೆಲೆಯಿಲ್ಲ. ಇದರ ಮೇಲೆ, ದಾರಿಯಲ್ಲಿ ಸಿಕ್ಕವರದು ಒಂದೇ ಪ್ರಶ್ನೆ: “ನಾರ್ಮಲ್ಲಾ?” ಅಲ್ಲ ಎಂದರೆ “ಓ...” ಎಂದು ರಾಗ ಎಳೆದು, ಮಗುವನ್ನು ಅಂಗಡಿಯಿಂದ ಕೊಂಡು ತಂದವಳನ್ನು ನೋಡುವ ಹಾಗೆ ನೋಡುವರು.

ಎರಡನೆಯ ಸಲ ಬಸುರಿಯಾದಾಗ ಅವಳು ಮನಸ್ಸಿನಲ್ಲೇ ನಿರ್ಧರಿಸಿದ್ದಳು. ಈ ಸಲ ತಾನೇ ಹೆರಬೇಕು. ಆಗುತ್ತೋ ಬಿಡುತ್ತೋ, ಪ್ರಯತ್ನ ಮಾಡಿಯೇ ತೀರಬೇಕು. ಕಾರು ಕಲಿಯಲು ಬಂದ ನರ್ಸೊಬ್ಬಳು, ಒಂದು ಸಲ ಸಿಜೇರಿಯನ್ ಆದವರಿಗೂ ಎರಡನೆಯದು ಮಾಮೂಲಿ ಹೆರಿಗೆ ಆಗಬಹುದು, ಎಲ್ಲರಿಗೂ ಅಲ್ಲ, ಬಹಳ ಜನಕ್ಕೆ ಎಂದಿದ್ದಳು. ಸ್ಕ್ಯಾನಿನಲ್ಲಿ ಈ ಮಗು ಒಳ್ಳೆಯ ವಿದ್ಯಾರ್ಥಿಯ ಹಾಗೆ ತಲೆ ಕೆಳಗೆ ಮಾಡಿಕೊಂಡೇ ಇತ್ತು. ಇನ್ನೇನು ಬೇಕು?

ಬೇಕಿದ್ದದ್ದು ಒಬ್ಬರ ಬಾಯಿಂದ ಒಂದು ಹೌದು, ಇಲ್ಲವೇ ಒಂದು ಇಲ್ಲ. ಅದೇ ಎಲ್ಲೂ ಸಿಗಲಿಲ್ಲ.

ಮನೆ ಹತ್ತಿರದ ನರ್ಸಿಂಗ್ ಹೋಮಿನ ಡಾಕ್ಟರಮ್ಮ ಸಕ್ಕರೆಯಂಥ ಹೆಂಗಸು. ಕೂರಿಸಿ ಮಾತಾಡಿಸುವರು, ಮೊದಲ ಮಗುವಿನ ಸ್ಕೂಲು ವಿಚಾರಿಸುವರು, ಕೈ ಮೇಲೆ ಕೈ ಇಡುವರು.

“ಮೇಡಂ, ಈ ಸಲ ನಾರ್ಮಲ್‌ಗೆ ಟ್ರೈ ಮಾಡಬಹುದಾ?”

“ನೋಡೋಣ.”

ಮುಂದಿನ ತಿಂಗಳು: “ಮೇಡಂ, ಅವತ್ತು ಕೇಳಿದ್ದೆನಲ್ಲ...”

“ನೋಡೋಣಮ್ಮ, ಇನ್ನೂ ಟೈಮಿದೆ.”

ಅದರ ಮುಂದಿನ ತಿಂಗಳು: “ನೋಡೋಣ, ನೋಡೋಣ.”

ಕನ್ನಡದಲ್ಲಿ ‘ನೋಡೋಣ’ ಎಂಬ ಪದಕ್ಕೆ ಕಣ್ಣಿಗೂ ನೋಟಕ್ಕೂ ಯಾವ ಸಂಬಂಧವೂ ಇಲ್ಲ. ಸಾಲ ಕೇಳಿದವನಿಗೆ, ಮದುವೆಗೆ ಕರೆದವನಿಗೆ, ಸಂಬಳ ಜಾಸ್ತಿ ಮಾಡಿ ಎಂದವನಿಗೆ ನಾವು ಹೇಳುವ ಪದ ಅದು. ಅಡ್ಡಗೋಡೆಯ ಮೇಲಿಟ್ಟ ದೀಪ. ಈ ಕಡೆಯವರಿಗೂ ಬೆಳಕು ಕಂಡಂತಿರಬೇಕು, ಆ ಕಡೆಯವರಿಗೂ. ಬ್ರೇಕ್ ಮೇಡಮ್ಮಿಗೆ ಇದು ಗೊತ್ತಿಲ್ಲದ್ದೇನಲ್ಲ. “ನನಗೆ ಟೆಸ್ಟಿನ ಹೊತ್ತಿಗೆ ಬರುತ್ತಾ ಮೇಡಂ?” ಎಂದು ಕೇಳಿದ ದಡ್ಡ ಶಿಷ್ಯರಿಗೆಲ್ಲ ಅವಳು ಹೇಳುತ್ತಿದ್ದದ್ದೂ ಅದನ್ನೇ. ಆದರೆ ತಾನು ಮಾರುವ ಸರಕನ್ನು ತನಗೇ ಯಾರಾದರೂ ಮಾರಿದರೆ ಉರಿಯುತ್ತದೆ.

ಮನೆಯಲ್ಲಿ ಕತೆ ಬೇರೆ. ಅತ್ತೆಯವರದು “ನಾನೇನೂ ಹೇಳೋದಿಲ್ಲಪ್ಪ.” ಇದನ್ನು ಹೇಳಿ ಅವರು ಅರ್ಧ ಗಂಟೆ ಮಾತಾಡುವರು. “ನಾನೇನೂ ಹೇಳೋದಿಲ್ಲಪ್ಪ. ಒಂದು ಸಲ ಹರಿದ ಬಟ್ಟೆ ಹರಿದಿದ್ದೇ. ಹೊಲಿಗೆ ಬಿಟ್ರೆ ಏನು ಗತಿ ಅಂತ ನಾನು ಕೇಳಿದ್ನಾ? ಕೇಳಲಿಲ್ಲ. ಈಗಿನ ಕಾಲದೋರು ನೀವು, ತಿಳಿದೋರು. ನಾನು ಬಾಯಿ ಮುಚ್ಕೊಂಡಿರ್ತೀನಿ.” ಬಾಯಿ ಮುಚ್ಚಿಕೊಂಡ ಸದ್ದು ಪಕ್ಕದ ಮನೆಯವರಿಗೂ ಕೇಳಿಸುತ್ತಿತ್ತು.

ಗಂಡನದು “ನಿನ್ನಿಷ್ಟ.” ಅವನು ಲಿಫ್ಟ್ ರಿಪೇರಿಯವನು. ಸಿಕ್ಕಿಕೊಂಡ ಲಿಫ್ಟನ್ನು ಮೇಲೋ ಕೆಳಗೋ ಸರಿಸಿ ಒಳಗಿದ್ದವರನ್ನು ಬಿಡಿಸುವುದರಲ್ಲಿ ಪಳಗಿದ ಕೈ. ಮನೆಯಲ್ಲಿ ಮಾತ್ರ ಅಮ್ಮ, ಹೆಂಡತಿ ಎಂಬ ಎರಡು ಮಹಡಿಗಳ ನಡುವೆ ತಾನೇ ಸಿಕ್ಕಿಕೊಂಡು ದೀಪ ಆರಿಸಿಕೊಂಡು ನಿಂತಿರುತ್ತಿದ್ದ.

“ರೀ, ನೀವೇನಂತೀರಾ?”

“ನಿನ್ನಿಷ್ಟ ಕಣೇ.”

“ನನ್ನಿಷ್ಟ ನನಗೆ ಗೊತ್ತು. ನಿಮ್ಮಿಷ್ಟ ಕೇಳಿದ್ದು.”

“ನಿನ್ನಿಷ್ಟವೇ ನನ್ನಿಷ್ಟ.”

“ಹಾಗಾದ್ರೆ ಡಾಕ್ಟ್ರಿಗೆ ನೀವೂ ಒಂದು ಮಾತು ಹೇಳಿ.”

“ಹೇಳೋಣ.”

‘ನೋಡೋಣ’ದ ತಮ್ಮ ‘ಹೇಳೋಣ’. ಒಂದೇ ತಾಯಿಯ ಮಕ್ಕಳು.

ಹೊಟ್ಟೆ ದೊಡ್ಡದಾಗುತ್ತ ಹೋಯಿತು. ಅವಳು ಪಾಠ ಬಿಡಲಿಲ್ಲ. ಆ ಹೊತ್ತಿಗೆ ಅವಳ ಕೈಯಲ್ಲಿ ಉಳಿದಿದ್ದ ಒಬ್ಬನೇ ಹಳೆಯ ಶಿಷ್ಯ ಎಂದರೆ ನಿವೃತ್ತ ಹೆಡ್‌ಮಾಸ್ಟರು. ಅವರು ಮೂರು ಸಲ ಟೆಸ್ಟಿನಲ್ಲಿ ಫೇಲಾಗಿದ್ದರು. ಜೀವಮಾನವೆಲ್ಲ ಮಕ್ಕಳನ್ನು ಫೇಲು ಮಾಡಿದ ಮನುಷ್ಯನಿಗೆ ಇದು ಸುಲಭವಾಗಿ ಜೀರ್ಣವಾಗುವಂಥದಲ್ಲ. ಇಸ್ತ್ರಿ ಮಾಡಿದ ಅಂಗಿ, ಜೇಬಿನಲ್ಲಿ ಎರಡು ಪೆನ್ನು, ಕಾರಿಗೆ ಹತ್ತುವ ಮುಂಚೆ ಸುತ್ತಲೂ ಒಂದು ಪ್ರದಕ್ಷಿಣೆ ಹಾಕಿ ಟೈರನ್ನು ಒದ್ದು ನೋಡುವ ಗಾಂಭೀರ್ಯ. ಕಾರು ನಿಂತಾಗಲೆಲ್ಲ ಅವರದು ಒಂದೇ ವಾದ.

“ನಾನು ಸರಿಯಾಗೇ ಬಿಡ್ತಿದ್ದೆ ಮೇಡಂ. ನೀವು ಒತ್ತಿದ್ರಿ.”

“ಕುಣಿಯೋಕೆ ಬಾರದೋರು ನೆಲ ಡೊಂಕು ಅಂದ್ರಂತೆ. ಕ್ಲಚ್ ಒತ್ತಿ ಸಾರ್.”

“ನೆಲ ಡೊಂಕಲ್ಲ. ನೆಲದಲ್ಲಿ ಇನ್ನೊಂದು ಬ್ರೇಕಿದೆ!”

ಹೊಟ್ಟೆಗೆ ಜಾಗ ಮಾಡಲು ಅವಳು ತನ್ನ ಸೀಟನ್ನು ಒಂದೊಂದೇ ಹಲ್ಲು ಹಿಂದಕ್ಕೆ ಸರಿಸುತ್ತ ಬಂದಿದ್ದಳು. ಎಂಟು ತಿಂಗಳು ದಾಟಿದ ಮೇಲೆ ಸೀಟು ಹಿಂದಿನ ಕೊನೆಗೆ ಮುಟ್ಟಿತು. ಅವತ್ತು ಹೆಡ್‌ಮಾಸ್ಟರು ನಾಲ್ಕು ದಾರಿ ಕೂಡುವ ಕಡೆ ಬಂದರು. ಎದುರಿಂದ ಬಸ್ಸು, ಎಡಕ್ಕೆ ಹಾಲಿನ ವ್ಯಾನು. ಅಭ್ಯಾಸಬಲದಿಂದ ಅವಳು ಬಲಗಾಲು ಚಾಚಿದಳು. ಬ್ರೇಕು ಸಿಗಲಿಲ್ಲ. ಹೆಬ್ಬೆರಳ ತುದಿ ರಬ್ಬರನ್ನು ಸವರಿತು, ಅಷ್ಟೇ. ಹ್ಯಾಂಡ್‌ಬ್ರೇಕಿನ ಮೇಲೆ ಕೈಯಿಟ್ಟು ಅವಳು ಉಸಿರು ಹಿಡಿದಳು. ಹೆಡ್‌ಮಾಸ್ಟರು ನಿಧಾನ ಮಾಡಿದರು. ಬಸ್ಸನ್ನು ಬಿಟ್ಟರು. ವ್ಯಾನನ್ನು ನೋಡಿದರು. ಗೇರು ಇಳಿಸಿದರು. ದಾಟಿದರು. ಎಂಜಿನ್ ನಿಲ್ಲಲಿಲ್ಲ.

ಅವರು ರಸ್ತೆಯ ಪಕ್ಕಕ್ಕೆ ನಿಲ್ಲಿಸಿ, ಎಂದೂ ಇಲ್ಲದ ಹಾಗೆ ಸಿಗ್ನಲ್ ಕೂಡ ಹಾಕಿ, ಇವಳ ಕಡೆ ತಿರುಗಿದರು.

“ನಿಮ್ಮ ಕಾಲು ಎಟುಕಲಿಲ್ಲ ಅಲ್ವಾ?”

ಅವಳು ಹ್ಯಾಂಡ್‌ಬ್ರೇಕಿನ ಮೇಲಿಂದ ಕೈ ತೆಗೆದಳು.

“ನಾನು ಗಮನಿಸಿದೆ. ನಿಮ್ಮ ಕಾಲು ಎಟುಕಲಿಲ್ಲ, ನನ್ನ ಕಾರು ನಿಲ್ಲಲಿಲ್ಲ. ಇಷ್ಟು ದಿನ ಏನಾಯ್ತು ಅಂದ್ರೆ, ನೀವು ಒತ್ತಿದ್ರಿ. ಒತ್ತಿದ್ದು ತಪ್ಪಲ್ಲ ಮೇಡಂ, ನಿಮ್ಮ ಜವಾಬ್ದಾರಿ. ಆದ್ರೆ ಹೇಳದೆ ಒತ್ತಿದ್ರಿ. ಒತ್ತಿ, ‘ಆಫ್ ಮಾಡಿಬಿಟ್ರಿ ಸಾರ್’ ಅಂತ ನನ್ನ ಲೆಕ್ಕಕ್ಕೆ ಬರೆದ್ರಿ. ನನಗೆ ಗಾಡಿ ಬರಲ್ವೋ, ನೀವು ಬಿಡ್ಲಿಲ್ವೋ, ನನಗೆ ಗೊತ್ತೇ ಆಗ್ಲಿಲ್ಲ. ಅದು ಅನ್ಯಾಯ.”

ಮೂವತ್ತೈದು ವರ್ಷ ಪಾಠ ಮಾಡಿದ ಗಂಟಲಿಂದ ‘ಅನ್ಯಾಯ’ ಎಂಬ ಪದ ಕಾರೊಳಗೆ ಗಂಟೆಯ ಹಾಗೆ ಮೊಳಗಿತು. ಅವಳಿಗೆ ಕೋಪ ಬಂತು. “ಸರಿ ಸಾರ್, ಗಾಡಿ ತೆಗೀರಿ,” ಎಂದಳು.

ಅದೇ ಸಂಜೆ ತಪಾಸಣೆಗೆಂದು ನರ್ಸಿಂಗ್ ಹೋಮಿಗೆ ಹೋದಳು. ಮುಂದಿನ ಮೇಜಿನ ಹುಡುಗಿ ಬಿಸ್ಕತ್ತು ಅಗಿಯುತ್ತ ಹೇಳಿದಳು: “ಅಕ್ಕಾ, ಶುಕ್ರವಾರ ಖಾಲಿ ಹೊಟ್ಟೇಲಿ ಬಂದ್ಬಿಡಿ.”

“ಯಾಕೆ, ರಕ್ತ ಪರೀಕ್ಷೆನಾ?”

“ಅಯ್ಯೋ, ಆಪರೇಶನ್‌ಗೆ! ನಿಮ್ಮ ಯಜಮಾನ್ರು ಹೇಳಲಿಲ್ವಾ? ಅವತ್ತು ಬಂದು ರೂಮೂ ನೋಡ್ಕೊಂಡು ಹೋದ್ರಲ್ಲ. ಕಿಟಕಿ ಇರೋ ರೂಮೇ ಬೇಕು ಅಂದ್ರು.”

ಅವಳು ಅಲ್ಲಿಯೇ ಕುರ್ಚಿಯ ಮೇಲೆ ಕೂತಳು. ಕಿಟಕಿ ಇರುವ ರೂಮು. ಆರಿಸುವುದರಲ್ಲಿ ಎಷ್ಟು ಕಾಳಜಿ! ಇಷ್ಟು ತಿಂಗಳು ಸ್ಟೀರಿಂಗ್ ಹಿಡಿದುಕೊಂಡು ತಾನೇ ಓಡಿಸುತ್ತಿದ್ದೇನೆ ಎಂದುಕೊಂಡಿದ್ದಳು. ಪಕ್ಕದ ಸೀಟಿನಲ್ಲಿ ಡಾಕ್ಟರಮ್ಮ, ಅತ್ತೆ, ಗಂಡ ಮೂವರೂ ಸೇರಿ ಯಾವಾಗಲೋ ಬ್ರೇಕ್ ಒತ್ತಿಯಾಗಿತ್ತು. ಶುಕ್ರವಾರದ ನಂತರ ಎಲ್ಲರೂ ಸೇರಿ ಹೇಳುತ್ತಾರೆ: ಪಾಪ, ಅವಳ ಕೈಲಿ ಆಗಲಿಲ್ಲ.

ಹೆಡ್‌ಮಾಸ್ಟರ ಮಾತು ಈಗ ಚುಚ್ಚಿತು. ಕಾರಿನಲ್ಲಿ ಚುಚ್ಚಿದ್ದಕ್ಕಿಂತ ಜೋರಾಗಿಯೇ.

ಒಳಗೆ ಹೋದಳು. ಡಾಕ್ಟರಮ್ಮ ಎಂದಿನ ಹಾಗೆ ನಕ್ಕು, “ಹೇಗಿದಾಳೆ ದೊಡ್ಡವಳು?” ಎಂದರು.

“ಅವಳು ಚೆನ್ನಾಗಿದಾಳೆ. ಶುಕ್ರವಾರದ ವಿಷಯ ಹೇಳಿ ಮೇಡಂ.”

ನಗು ಅರ್ಧಕ್ಕೆ ನಿಂತಿತು. “ನಿಮಗೆ ಟೆನ್ಶನ್ ಬೇಡ ಅಂತ...”

“ನನ್ನ ಟೆನ್ಶನ್ ನಾನು ಪಡ್ತೀನಿ. ನೀವು ನೋಡೋಣ, ನೋಡೋಣ ಅಂದ್ರಲ್ಲ, ಏನು ನೋಡಿದ್ರಿ? ನನ್ನ ಹೊಲಿಗೆ ಸರಿಯಿಲ್ವಾ?”

“ಹೊಲಿಗೆ ಚೆನ್ನಾಗಿದೆ. ಅಡ್ಡ ಕೊಯ್ದಿದಾರೆ, ಕೆಳಗಡೆ. ಅದಕ್ಕೇನೂ ತೊಂದರೆಯಿಲ್ಲ.”

“ಮಗು?”

“ಮಗುವೂ ಸರಿಯಾಗಿದೆ.”

“ಹಾಗಾದ್ರೆ ಸರಿ ಇಲ್ಲದೇ ಇರೋದು ಯಾವುದು?”

ಡಾಕ್ಟರಮ್ಮ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದರು. ಒರೆಸಿಯೇ ಒರೆಸಿದರು. ಕೊನೆಗೆ ಸಕ್ಕರೆಯಿಲ್ಲದ ದನಿಯಲ್ಲಿ, “ನನ್ನ ಆಸ್ಪತ್ರೆ,” ಎಂದರು.

ಸಂಗತಿ ಇಷ್ಟೇ. ಹಳೆಯ ಗಾಯ ಇರುವವರು ನೋವು ತಿನ್ನುವಾಗ, ಅಪರೂಪಕ್ಕೆ ಅದು ಬಿಟ್ಟುಕೊಂಡರೆ ಆ ಕ್ಷಣಕ್ಕೇ ಆಪರೇಶನ್ ಮಾಡಬೇಕು. ಅನಸ್ತೇಶಿಯಾ ಕೊಡುವ ಡಾಕ್ಟರು ಅಲ್ಲೇ ಇರಬೇಕು. ಈ ನರ್ಸಿಂಗ್ ಹೋಮಿಗೆ ಅಂಥ ಡಾಕ್ಟರು ಇರಲಿಲ್ಲ. ಊರಾಚೆಯಿಂದ ಒಬ್ಬರು ಬರುತ್ತಿದ್ದರು, ಫೋನ್ ಮಾಡಿದರೆ, ಬಿಡುವಿದ್ದರೆ. ದಿನ ಗೊತ್ತುಮಾಡಿದ ಆಪರೇಶನ್‌ಗೆ ಅದು ಸಾಕು. ಹೇಳದೆ ಕೇಳದೆ ಬರುವ ನೋವಿಗೆ ಸಾಲದು.

“ಇದನ್ನ ಮೂರನೇ ತಿಂಗಳಲ್ಲೇ ಹೇಳಬಹುದಿತ್ತಲ್ಲ ಮೇಡಂ!”

“ಹೇಳಿದ್ರೆ ನೀವು ಬೇರೆ ಕಡೆ ಹೋಗ್ತಿದ್ರಿ,” ಎಂದರು ಡಾಕ್ಟರಮ್ಮ. ಹೇಳಿ, ತಾವೇ ಸ್ವಲ್ಪ ಬೆಚ್ಚಿದರು. ಅಷ್ಟು ನಿಜವನ್ನು ಒಂದೇ ಸಲ ಹೇಳಿ ಅಭ್ಯಾಸವಿರಲಿಲ್ಲವೇನೋ.

ಮನೆಗೆ ಬಂದಾಗ ಗಂಡ ಮಗಳ ಜೊತೆ ನೆಲದ ಮೇಲೆ ಕೂತು ಬಣ್ಣದ ಪೆನ್ಸಿಲ್ ಚೂಪು ಮಾಡುತ್ತಿದ್ದ. ಹೆಂಡತಿಯ ಮುಖ ನೋಡಿದ ಕೂಡಲೇ ಎಲ್ಲ ತಿಳಿಯಿತು. ಪೆನ್ಸಿಲ್ಲು ಬಹಳ ಚೂಪಾಗತೊಡಗಿತು.

“ಕಿಟಕಿಯಿಂದ ಏನು ಕಾಣುತ್ತಂತೆ ರೀ?”

“ಅದು... ಅಮ್ಮ ಹೆದರಿದ್ರು. ಡಾಕ್ಟ್ರು ಇದೇ ಒಳ್ಳೇದು ಅಂದ್ರು. ನಾನು ಹೇಳೋಣ ಅಂತಿದ್ದೆ.”

“ಲಿಫ್ಟ್ ಸಿಕ್ಕಿಕೊಂಡಾಗ ಒಳಗಿರೋರಿಗೆ ಏನಾದ್ರೂ ಹೇಳ್ತೀರೋ, ಸುಮ್ನೆ ಎಳೀತೀರೋ?”

“ಹೇಳ್ತೀನಪ್ಪ. ‘ಗಾಬರಿ ಬೇಡ, ಈಗ ಒಂದಡಿ ಕೆಳಗೆ ಬಿಡ್ತೀನಿ’ ಅಂತ ಕೂಗಿ ಹೇಳ್ತೀನಿ.”

“ಯಾಕೆ?”

“ಹೇಳದೆ ಬಿಟ್ರೆ ಎದೆ ಒಡ್ಕೊಳ್ತಾರೆ.”

“ನನಗೇನು ಎದೆ ಇಲ್ವಾ?”

ಅವನು ಪೆನ್ಸಿಲ್ಲು ಕೆಳಗಿಟ್ಟ. ‘ನಿನ್ನಿಷ್ಟ’ ಎನ್ನಲು ಬಾಯಿ ತೆರೆದು, ಆ ಪದದ ಈಗಿನ ಬೆಲೆ ನೆನಪಾಗಿ, ಮುಚ್ಚಿದ.

ಅಡುಗೆಮನೆಯ ಬಾಗಿಲಿಂದ ಅತ್ತೆ ಹೊರಬಂದರು. “ಅವನನ್ನ ಬೈಬೇಡ. ನಾನೇ ಹೇಳಿದ್ದು. ಹೊಲಿಗೆ ಬಿಟ್ಟು ನಿನಗೇನಾದ್ರೂ ಆದ್ರೆ? ಈ ಮಗು ಗತಿ ಏನು? ನನ್ನ ಗತಿ? ಇವನಿಗೆ ನೆಟ್ಟಗೆ ನೀರು ಕಾಯಿಸೋಕೂ ಬರಲ್ಲ. ನಾನೇನೂ ಹೇಳೋದಿಲ್ಲಪ್ಪ ಅಂತಿದ್ದೆ, ಹೆದರಿಕೆ ಆಗುತ್ತೆ ಅಂತ ಹೇಳೋಕೆ ನಾಚಿಕೆ.” ಹೇಳಿ ಕಣ್ಣು ಒರೆಸಿಕೊಂಡು, ಅತ್ತದ್ದನ್ನು ಯಾರೂ ಗಮನಿಸಬಾರದೆಂದು ಮಗನ ಮೇಲೆ ರೇಗಿದರು: “ಪೆನ್ಸಿಲ್ ಹೊಟ್ಟೆಲ್ಲ ನೆಲದ ಮೇಲೆ! ಗುಡಿಸೋರು ಯಾರು?”

ಅವಳಿಗೆ ಜಗಳ ಪೂರ್ತಿ ಆಡುವ ಹುರುಪಿತ್ತು. ಎದುರಾಳಿಗಳು ಇಷ್ಟು ಬೇಗ ಸೋತರೆ ಕೋಪವನ್ನು ಎಲ್ಲಿ ಇಡುವುದು? ರಾತ್ರಿಯ ಊಟದ ತನಕ ಅದನ್ನು ಕೈಯಲ್ಲೇ ಹಿಡಿದುಕೊಂಡು ಓಡಾಡಿದಳು. ಪಾತ್ರೆಗಳಿಗೆ ಸ್ವಲ್ಪ ತಗುಲಿತು.

ಮಾರನೆಯ ದಿನ ಮೂವರೂ ಊರಿನ ದೊಡ್ಡಾಸ್ಪತ್ರೆಗೆ ಹೋದರು. ಸಾಲೆಂದರೆ ಸಾಲು. ಬೆಂಚಿನ ಮೇಲೆ ಒಬ್ಬಳು ಎದ್ದರೆ ಇಬ್ಬರು ಕೂರುವರು. ಫ್ಯಾನು ತಿರುಗುತ್ತಿತ್ತು, ಗಾಳಿ ಮಾತ್ರ ಬೇರೆ ಯಾರದೋ ಕಡೆ ಹೋಗುತ್ತಿತ್ತು. ಅರ್ಧ ದಿನ ಕಾದ ಮೇಲೆ ಸಿಕ್ಕವಳು ಒಬ್ಬ ಸಣ್ಣ ಪ್ರಾಯದ ಡಾಕ್ಟರು. ಕೂರಿ ಎನ್ನಲಿಲ್ಲ, ಮಗಳ ಸ್ಕೂಲು ಕೇಳಲಿಲ್ಲ, ನಗಲೂ ಇಲ್ಲ. ಹೊಟ್ಟೆ ಮುಟ್ಟಿ ನೋಡಿ, ಹಳೆಯ ಚೀಟಿ ಓದಿ, ಪಟಪಟನೆ ಹೇಳಿದಳು.

“ಪ್ರಯತ್ನಿಸಬಹುದು. ನಿಮ್ಮಂಥೋರು ನೂರು ಜನ ಟ್ರೈ ಮಾಡಿದ್ರೆ ಸುಮಾರು ಎಪ್ಪತ್ತು ಜನಕ್ಕೆ ಆಗುತ್ತೆ. ಮೂವತ್ತು ಜನಕ್ಕೆ ಮತ್ತೆ ಆಪರೇಶನ್ನೇ. ಇನ್ನೂರರಲ್ಲಿ ಒಬ್ಬರಿಗೆ ಹಳೇ ಗಾಯ ಬಿಡಬಹುದು, ಅದಕ್ಕೇ ಇಲ್ಲಿ ಥಿಯೇಟರೂ ಅನಸ್ತೇಶಿಯಾ ಡಾಕ್ಟ್ರೂ ಯಾವಾಗ್ಲೂ ಇರ್ತಾರೆ. ನೋವು ಶುರುವಾದ ಕೂಡ್ಲೇ ಬರಬೇಕು, ಮನೇಲಿ ಕಾಯಬಾರದು. ಏನಾದ್ರೂ ಕೇಳೋದಿದ್ಯಾ?”

ಇಷ್ಟು ತಿಂಗಳು ಬೇಡಿದ್ದು ಒಂದು ನಿಮಿಷದಲ್ಲಿ ಸಿಕ್ಕಿತ್ತು, ಅದೂ ಕುರ್ಚಿಯಿಲ್ಲದೆ. ಅವಳಿಗೆ ಸಂತೋಷಕ್ಕಿಂತ ಸಿಟ್ಟೇ ಬಂತು. ಇಷ್ಟೇ ಆಗಿತ್ತಾ?

“ಒಂದೇ ಡಾಕ್ಟ್ರೇ. ನಾನು ಡ್ರೈವಿಂಗ್ ಕಲಿಸೋಳು. ನಿಮ್ಮ ಕಾಲು ಬ್ರೇಕಿನ ಮೇಲಿರಲಿ, ಬೇಡ ಅನ್ನಲ್ಲ. ಒತ್ತೋ ಮುಂಚೆ ನನಗೆ ಹೇಳಿ. ಅಷ್ಟೇ.”

ಡಾಕ್ಟರಿಗೆ ಅರ್ಥವಾಗಲು ಒಂದು ಕ್ಷಣ ಬೇಕಾಯಿತು. ಆಮೇಲೆ ಮೊದಲ ಸಲ ನಕ್ಕಳು. “ನಾನಿನ್ನೂ ಕಲಿತಿಲ್ಲ ಕಾರು. ಆದ್ರೆ ಹೇಳ್ತೀನಿ.”

ಶುಕ್ರವಾರ ಬಂತು, ಹೋಯಿತು. ಕಿಟಕಿಯಿರುವ ರೂಮಿನಲ್ಲಿ ಬೇರೆ ಯಾರೋ ಮಲಗಿದ್ದಿರಬೇಕು. ನೋವು ಬಂದದ್ದು ಅದರ ಮುಂದಿನ ವಾರ, ಬೆಳಿಗ್ಗೆ ತಿಂಡಿಯ ಹೊತ್ತಿಗೆ. ಹೆಡ್‌ಮಾಸ್ಟರ ನಾಲ್ಕನೆಯ ಟೆಸ್ಟು ಅವತ್ತೇ ಇತ್ತು. ಡ್ರೈವಿಂಗ್ ಸ್ಕೂಲಿನ ಇನ್ನೊಬ್ಬ ಮೇಷ್ಟ್ರ ಜೊತೆ ಹೋಗಿ ಎಂದು ಫೋನಿನಲ್ಲಿ ಹೇಳಿ, ಅವಳು ತನ್ನ ಕಾರಿನ ಪಕ್ಕದ ಸೀಟಿನಲ್ಲಿ ಕೂತಳು. ಓಡಿಸಿದವನು ಗಂಡ. ಅವನೂ ಅವಳ ಹತ್ತಿರವೇ ಕಲಿತವನು, ಮದುವೆಗೆ ಮುಂಚೆ. ಸಂಬಂಧ ಕುದುರಿದ್ದೇ ಅಲ್ಲಿ. ಲೈಸೆನ್ಸ್ ಸಿಕ್ಕಿತ್ತು, ಧೈರ್ಯ ಸಿಕ್ಕಿರಲಿಲ್ಲ.

“ರೀ, ನಡ್ಕೊಂಡು ಹೋಗೋ ಅಜ್ಜ ನಮ್ಮನ್ನ ಓವರ್‌ಟೇಕ್ ಮಾಡಿದ.”

“ನಿನಗೆ ಕುಲುಕಬಾರದು ಅಂತ...”

“ಮೂರನೇ ಗೇರ್ ಅಂತ ಒಂದಿದೆ. ಹೊಸದು, ಬಳಸೇ ಇಲ್ಲ ನೀವು. ಹಾಕಿ... ಅಮ್ಮಾ...! ಕ್ಲಚ್! ಕ್ಲಚ್ ರೀ!”

ಹಿಂದಿನ ಸೀಟಿನಿಂದ ಅತ್ತೆ, “ಅವಳು ಹೇಳಿದ ಹಾಗೆ ಮಾಡೋ!” ಎಂದು ಗದರಿದರು. ಇಷ್ಟು ವರ್ಷದ ಸಂಸಾರದಲ್ಲಿ ಅತ್ತೆ ಸೊಸೆಯ ಪಕ್ಷ ವಹಿಸಿ ಮಾತಾಡಿದ್ದು ಅದೇ ಮೊದಲು. ಆಶ್ಚರ್ಯಪಡಲು ಅವಳಿಗೆ ಪುರುಸೊತ್ತಿರಲಿಲ್ಲ.

ಆಸ್ಪತ್ರೆಯಲ್ಲಿ ಹೊಟ್ಟೆಗೆ ಅಗಲವಾದ ಬೆಲ್ಟು ಬಿಗಿದರು. ಇದೂ ಹೊಲಿಗೆಯ ಹತ್ತಿರವೇ ಬಂತು. ಪಕ್ಕದ ಯಂತ್ರದಿಂದ ಮಗುವಿನ ಎದೆಬಡಿತ ಓಡುವ ಕುದುರೆಯ ಹಾಗೆ ಕೇಳತೊಡಗಿತು. ನೋವು ಎಂದರೆ ಏನು ಎಂದು ಅವಳಿಗೆ ಆಗ ತಿಳಿಯಿತು. ಬೇಡಿ ಬೇಡಿ ತರಿಸಿಕೊಂಡ ನೋವು. ಯಾರನ್ನೂ ಬೈಯುವಂತಿಲ್ಲ. ಹೀಗಾಗಿ ಎಲ್ಲರನ್ನೂ ಬೈದಳು. ಗರ್ಭದ ಬಾಯಿ ಹತ್ತು ಸೆಂಟಿಮೀಟರ್ ತೆರೆದುಕೊಳ್ಳಬೇಕು. ನಾಲ್ಕು ಎಂದರು. ಆರು ಎಂದರು. ಮಧ್ಯಾಹ್ನದ ಹೊತ್ತಿಗೆ ಏಳು. ಪ್ರತಿ ಸಲವೂ ಆ ಸಣ್ಣ ಡಾಕ್ಟರು ಬಂದು ಇದ್ದದ್ದನ್ನು ಇದ್ದಂತೆ ಹೇಳಿ ಹೋಗುತ್ತಿದ್ದಳು.

ಆಮೇಲೆ ಏಳು, ಏಳಾಗಿಯೇ ನಿಂತಿತು. ಕುದುರೆ ಮುಗ್ಗರಿಸತೊಡಗಿತು. ಎಡಕ್ಕೆ ಮಗ್ಗುಲಾಗಿಸಿದರು, ಬಲಕ್ಕೆ ಮಗ್ಗುಲಾಗಿಸಿದರು. ಕುದುರೆ ಮತ್ತೆ ಮುಗ್ಗರಿಸಿತು. ಡಾಕ್ಟರು ಅವಳ ಮುಖದ ಹತ್ತಿರ ಬಗ್ಗಿದಳು.

“ಮೇಡಂ, ಕೇಳಿಸ್ತಿದ್ಯಾ? ನಾನೀಗ ಬ್ರೇಕ್ ಒತ್ತಬೇಕು.”

“ಯಾಕೆ?”

“ಪ್ರತಿ ನೋವಿಗೂ ಮಗು ಬಡಿತ ಇಳೀತಿದೆ. ವಾಪಸ್ ಏರೋದು ತಡ ಆಗ್ತಿದೆ. ಇನ್ನೂ ಮೂರು ಸೆಂಟಿಮೀಟರ್ ಬಾಕಿ. ಅಷ್ಟು ಹೊತ್ತು ಕಾಯೋ ಧೈರ್ಯ ನನಗಿಲ್ಲ. ನಿಮ್ಮ ತಪ್ಪೇನಿಲ್ಲ. ಒತ್ತಲಾ?”

ಅವಳಿಗೆ ಅಳು ಬಂತು. ಇಷ್ಟೆಲ್ಲ ಮಾಡಿ, ಇಷ್ಟೆಲ್ಲ ನೋವು ತಿಂದು, ಮತ್ತೆ ಅದೇ ಕತ್ತರಿ! ಬಾಯಿಗೆ ಬಂದ ಒಂದು ಪದವನ್ನು ಛಾವಣಿಗೆ ಹೇಳಿದಳು. ಅದನ್ನು ಇಲ್ಲಿ ಬರೆಯುವುದು ಬೇಡ, ಶಿಷ್ಯರು ಓದಬಹುದು. ಯಂತ್ರದಲ್ಲಿ ಕುದುರೆ ಇನ್ನೊಮ್ಮೆ ಎಡವಿತು. ಅದನ್ನು ಅವಳ ಕಿವಿಯೂ ಕೇಳಿತು.

“ಒತ್ತಿ,” ಎಂದಳು.

ಕಾಲ ಬಳಿ ನಿಂತಿದ್ದ ಆಯಾ ಗಾಬರಿಯಾಗಿ ಕೂಗಿದಳು: “ಯಾರೇ ಅದು ಒತ್ತಿ ಅಂದಿದ್ದು? ಈಗ ಮುಕ್ಕಿ ಮಗುವನ್ನ ಒತ್ತಬಾರದು ಕಣಮ್ಮ!”

ನೋವಿನ ನಡುವೆ ಅವಳೂ ಡಾಕ್ಟರೂ ಒಟ್ಟಿಗೆ ನಕ್ಕರು. ನಗುವಾಗಲೇ ಗಾಲಿಮಂಚ ಚಲಿಸಿತು.

ಹೆಣ್ಣು ಮಗು. ಹುಟ್ಟಿದ ಕೂಡಲೇ, ಯಾರೋ ಹೇಳದೆ ಬ್ರೇಕ್ ಒತ್ತಿದ ಹಾಗೆ, ಇಡೀ ಮಹಡಿಗೆ ಕೇಳುವಂತೆ ಕಿರುಚಿತು.

ನೋಡಲು ಬಂದವರಿಗೆ ಅತ್ತೆ ವಾರ್ಡಿನ ಬಾಗಿಲಲ್ಲೇ ನಿಂತು ವರದಿ ಕೊಡುತ್ತಿದ್ದರು. “ನಾನು ಮೊದಲೇ ಹೇಳಿದ್ದೆ, ನಾನೇನೂ ಹೇಳೋದಿಲ್ಲಪ್ಪ ಅಂತ.” ಮಂಚದ ಮೇಲೆ ಅವಳು ಹಲ್ಲು ಕಚ್ಚಿದಳು. ಹೊಲಿಗೆ ಮತ್ತೆ ಅದೇ ಜಾಗದಲ್ಲಿ. ದೊಡ್ಡವಳು ಎತ್ತಿಕೋ ಎಂದು ಕೈ ಚಾಚಿದರೆ ಎತ್ತಿಕೊಳ್ಳುವ ಹಾಗಿಲ್ಲ. ಸೀಟ್ ಬೆಲ್ಟು ಮತ್ತೆ ಗಾಯದ ಮೇಲೇ ಕೂರುತ್ತದೆ. ಪಕ್ಕದ ಮಂಚದವಳ ಚಿಕ್ಕಮ್ಮ ಬಂದು, ಮಗುವನ್ನು ನೋಡಿ, ಕೇಳಬೇಕಾದ್ದನ್ನು ಕೇಳಿಯೇಬಿಟ್ಟಳು.

“ನಾರ್ಮಲ್ಲಾ?”

“ಏಳು ಸೆಂಟಿಮೀಟರ್ ತನಕ ನಾನೇ ಓಡಿಸಿದೆ,” ಎಂದಳು ಬ್ರೇಕ್ ಮೇಡಂ. “ಆಮೇಲೆ ನಿಲ್ಲಿಸಿದ್ರು. ಕೇಳಿ ನಿಲ್ಲಿಸಿದ್ರು.”

ಚಿಕ್ಕಮ್ಮನಿಗೆ ತಲೆಬುಡ ತಿಳಿಯಲಿಲ್ಲ. ‘ಓ...’ ಎಂದು ರಾಗ ಎಳೆಯಲು ಹೊರಟು, ಯಾವ ರಾಗ ಎಂದು ಗೊತ್ತಾಗದೆ ಪಕ್ಕದ ಮಂಚಕ್ಕೆ ಮರಳಿದಳು.

ಗಂಡ ಫೋನು ತಂದು ಕಿವಿಗೆ ಹಿಡಿದ. “ನಿಮ್ಮ ಹೆಡ್‌ಮಾಸ್ಟರು. ಆಮೇಲೆ ಮಾಡಿ ಅನ್ನಲಾ? ನಿನ್ನಿ...” ಎಂದು ತಡೆದು, “ಈಗಲೇ ಮಾತಾಡು. ನಿನಗೆ ಒಳ್ಳೇದಾಗುತ್ತೆ ಅಂತ ನನಗನ್ನಿಸುತ್ತೆ,” ಎಂದ. ಒಂದು ಅಭಿಪ್ರಾಯ! ಅವಳು ಅವನನ್ನು ಮೇಲಿಂದ ಕೆಳಗೆ ನೋಡಿದಳು.

“ಏನಾಯ್ತು ಸಾರ್ ಟೆಸ್ಟು?”

“ಫೇಲು,” ಎಂದರು ಹೆಡ್‌ಮಾಸ್ಟರು. ದನಿಯಲ್ಲಿ ಹಬ್ಬದ ಸಡಗರ. “ಏರಿನಲ್ಲಿ ಎಂಜಿನ್ ಆಫ್ ಆಯ್ತು. ಪಕ್ಕದಲ್ಲಿ ಕೂತಿದ್ದ ಇನ್‌ಸ್ಪೆಕ್ಟರ್ ಕಾಲು ಮಡಚಿಕೊಂಡು ಕೂತಿದ್ದರು, ನಾನೇ ಕಣ್ಣಾರೆ ನೋಡಿದೆ. ಯಾರೂ ಒತ್ತಲಿಲ್ಲ ಮೇಡಂ. ನೂರಕ್ಕೆ ನೂರು ನನ್ನದೇ ತಪ್ಪು! ಎಷ್ಟು ಸಮಾಧಾನ ಆಯ್ತು ಗೊತ್ತಾ? ನಿಮ್ಮದೇನಾಯ್ತು? ಎಂಜಿನ್ ನಿಂತಿತಾ?”

“ನಗಿಸಬೇಡಿ ಸಾರ್,” ಎಂದು ಅವಳು ಹೊಟ್ಟೆಯ ಮೇಲೆ ದಿಂಬು ಒತ್ತಿ ಹಿಡಿದಳು. “ಹೊಲಿಗೆ ಎಳೆಯುತ್ತೆ.”